ಸೋಮವಾರ ಹೂಡಿದ ಗಾಡಿ

ಎರಡೂ ಮೊಣಕಾಲು ನೆಲಕ್ಕೆ ಊರಿ ನಾನು ಹಳ್ಳದ ದಂಡೆಯ ಮೇಲೆ ಬಗ್ಗಿ ಕುಳಿತಿದ್ದೆ. ಐವತ್ತೊಂಬತ್ತು ವರ್ಷದ ಮೊಣಕಾಲು ಕೆಳಗೆ ಹೋಗುವುದು ಸುಲಭ, ಮೇಲೆ ಬರುವುದು ಕಷ್ಟ. ಆದರೆ ಎದುರಿಗೆ ಕಂಡದ್ದನ್ನು ನೋಡಿ ನನಗೆ ಏಳುವ ಮನಸ್ಸೇ ಆಗಲಿಲ್ಲ.

ಸಂಶಿಯ ಎರೆಮಣ್ಣು ತುಸು ಹಸಿ ಇದ್ದರೆ ಸಾಕು, ಮೇಲೆ ನಡೆದವರ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ. ಶನಿವಾರ ಮಳೆ ಬಿದ್ದಿತ್ತು. ಆಮೇಲೆ ಒಂದು ಹನಿಯೂ ಇಲ್ಲ. ಸೋಮವಾರ ಹೋದ ಗಾಡಿಯ ಗುರುತು ಬುಧವಾರ ಬೆಳಿಗ್ಗೆಯೂ ಒಣಗಿ ಗಟ್ಟಿಯಾಗಿ ಕೂತಿತ್ತು.

ಗಾಲಿಯ ಎರಡು ಗೆರೆ. ಅದನ್ನು ಪೊಲೀಸ್ ಠಾಣೆಯ ಫೌಜದಾರರು ಮಂಗಳವಾರವೇ ಜೀಪಿನಿಂದ ಇಳಿದು ನೋಡಿ ಬರೆದುಕೊಂಡು ಹೋಗಿದ್ದರು. ನಾನು ನೋಡುತ್ತಿದ್ದದ್ದು ಆ ಗೆರೆಗಳ ನಡುವಿನ ಗೊರಸಿನ ಗುರುತು.

ನಮ್ಮ ಕಡೆ ಗಾಡಿಗೆ ಹೂಡುವ ಎತ್ತಿಗೆ ಲಾಳ ಕಟ್ಟಿಸದವರು ಯಾರಿದ್ದಾರೆ? ಈ ಗೊರಸಿನಲ್ಲಿ ಲಾಳದ ಗೆರೆ ಇರಲಿಲ್ಲ. ಅಗಲವಾದ, ಬೆರಳು ಬಿಟ್ಟುಕೊಂಡ, ಬರಿಯ ಗೊರಸು. ಹತ್ತು ಹೆಜ್ಜೆ ಮುಂದೆ ಗಾಡಿ ದಾರಿ ಬಿಟ್ಟು ನೀರಿನ ಕಡೆ ತಿರುಗಿತ್ತು. ನೊಗ ಕೆಳಗಿಟ್ಟ ಗುರುತು ಇತ್ತು. ಅದರ ಮುಂದೆ, ಹಳ್ಳದ ಕೆಸರಿನಲ್ಲಿ, ಎರಡು ದೊಡ್ಡ ಮೈಗಳು ಬಿದ್ದು ಹೊರಳಾಡಿದ ಎರಡು ಕುಣಿಗಳು.

ಎತ್ತು ಕೆಸರಿನಲ್ಲಿ ಹೊರಳಾಡಿದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಒಣಗಿದ ಕೆಸರಿಗೆ ನಾಲ್ಕಾರು ಕಪ್ಪು ಒರಟು ಕೂದಲು ಅಂಟಿದ್ದವು. ಅವನ್ನು ಬಿಡಿಸಿ ವಸ್ತ್ರದಲ್ಲಿ ಕಟ್ಟಿಕೊಂಡೆ.

ಗಾಡಿ ಎಳೆದದ್ದು ಎತ್ತಲ್ಲ, ಕೋಣ. ಅಷ್ಟು ತಿಳಿದ ಮೇಲೆ ನನಗೆ ಸಿಟ್ಟೂ ಬಂತು, ನಗುವೂ ಬಂತು. ಏಕೆಂದರೆ ಮಂಗಳವಾರದಿಂದ ಇಡೀ ಸಂಶಿ ಎತ್ತು, ಎತ್ತು ಎಂದೇ ಒದರುತ್ತಿತ್ತು.

ವಿಷಯ ಇಷ್ಟು. ಸೋಮವಾರ ಮಧ್ಯಾಹ್ನ ರೇವವ್ವನವರ ಹೊಲದ ಗೋದಾಮಿನಿಂದ ಆರು ಚೀಲ ಹತ್ತಿಯ ಮೂಲಬೀಜ ಕಳುವಾಗಿತ್ತು. ಕಳ್ಳನೆಂದು ಪೊಲೀಸರು ಕರೆದೊಯ್ದದ್ದು ಅವರು ಕೆಲಸಕ್ಕಿಟ್ಟುಕೊಂಡಿದ್ದ ಸುಡಾನ್ ದೇಶದ ಕೃಷಿ ಪದವೀಧರ ಇದ್ರೀಸನನ್ನು. ಅವನು ಕಳ್ಳನಲ್ಲ ಎಂದು ತೋರಿಸಲು ರೇವವ್ವ ಕರೆಸಿಕೊಂಡದ್ದು ನನ್ನನ್ನು, ನಿವೃತ್ತ ಪೊಲೀಸು ಜಮಾದಾರ ಕುತುಬುದ್ದೀನನನ್ನು.

ನನಗೆ ಸಿಕ್ಕ ಸಮಯವೂ ಬಹಳ ಇರಲಿಲ್ಲ. ಇದ್ರೀಸ ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿ ಗುರುವಾರ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಧಾರವಾಡದ ಕಚೇರಿಗೆ ಎರಡು ಕಾಗದ ಮುಟ್ಟಬೇಕು. ಒಂದು, ಕೆಲಸ ಕೊಟ್ಟವರ ಮುಚ್ಚಳಿಕೆ ಪತ್ರ. ಅದು ಸಹಿಯಾಗಿ ಠಾಣೆಗೆ ಬಂದು ಕೂತಿತ್ತು. ಇನ್ನೊಂದು, ಇವನ ಮೇಲೆ ಯಾವ ತಕರಾರೂ ಇಲ್ಲವೆಂಬ ಫೌಜದಾರರ ಷರಾ. ಮುಟ್ಟಿದರೆ ಇನ್ನೂ ಎರಡು ವರ್ಷ ಇಲ್ಲಿ ದುಡಿಯಬಹುದು. ಮುಟ್ಟದಿದ್ದರೆ ಕಳ್ಳನೆಂಬ ಹೆಸರು ಹೊತ್ತು ವಿಮಾನ ಹತ್ತಬೇಕು, ಆಮೇಲೆ ಯಾವ ದೇಶದಲ್ಲೂ ಅವನ ಪದವಿಗೆ ಬೆಲೆ ಇಲ್ಲ.

ಅವನ ವಿರುದ್ಧ ಇದ್ದ ದೊಡ್ಡ ಸಾಕ್ಷಿ ಯಾವುದು ಗೊತ್ತೇ? ವಾರ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ, ಎತ್ತಿಗೆ ವಿಶ್ರಾಂತಿ. ಹೊಲ ಸುಟ್ಟು ಹೋಗುತ್ತಿದ್ದರೂ ಹೂಡುವುದಿಲ್ಲ. ನವಲಗುಂದದಲ್ಲಿ ನಮ್ಮ ಅಬ್ಬಾ ಐದು ಹೊತ್ತು ನಮಾಜು ಮಾಡುತ್ತಿದ್ದರು, ಅವರೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಊರಿನ ಎತ್ತಿಗೆ ಊರಿನ ರೀತಿ ಎನ್ನುತ್ತಿದ್ದರು.

ರೇವವ್ವನವರ ಹಳೆಯ ಮೇಸ್ತ್ರಿ ತಿರಕಪ್ಪ ಮಂಗಳವಾರ ಬೆಳಿಗ್ಗೆ ಫೌಜದಾರರ ಎದುರು ಬರೆಸಿದ್ದ: ಸೋಮವಾರ ಮಧ್ಯಾಹ್ನ ಹಳ್ಳದ ಕಡೆ ಎರಡು ಬಿಳಿ ಎತ್ತು ಹೂಡಿದ ಗಾಡಿ ಹೋಯಿತು, ಹೊಡೆಯುತ್ತಿದ್ದವನು ಆ ಪರದೇಶದವನು. ಊರವರು ತಲೆ ಅಲ್ಲಾಡಿಸಿದರು. ಹೌದಲ್ಲ, ಸೋಮವಾರ ಎತ್ತು ಹೂಡುವ ಪಾಪ ಹೊರಗಿನವನಲ್ಲದೆ ಮತ್ತಾರು ಮಾಡಿಯಾರು? ಒಬ್ಬರೂ ಎರಡನೇ ಮಾತು ಕೇಳಲಿಲ್ಲ.

ಇದ್ರೀಸನನ್ನು ರೇವವ್ವ ಕೆಲಸಕ್ಕೆ ಕರೆದ ರೀತಿ ನಾನು ಕಣ್ಣಾರೆ ನೋಡಿದವನು. ಜೂನ್ ತಿಂಗಳಲ್ಲಿ ಅವರಿಗೆ ಕ್ರಾಸಿಂಗ್ ಕೆಲಸ ನೋಡಿಕೊಳ್ಳಲು ಕಲಿತವನೊಬ್ಬ ಬೇಕಾಗಿದ್ದ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವು ತಂದು ಅದಕ್ಕೆ ಸವರಬೇಕು, ಸವರಿದ ಹೂವಿಗೆ ದಾರ ಕಟ್ಟಬೇಕು. ಅರವತ್ತು ಹೆಣ್ಣಾಳು ಮಾಡುವ ಕೆಲಸ. ಒಬ್ಬರ ಕೈ ತಪ್ಪಿದರೂ ಬೀಜ ಕೆಟ್ಟಿತು.

ಸೊಸಾಯಿಟಿಯ ಗೋಡೆಗೆ ಚೀಟಿ ಹಚ್ಚಿಸಿದರು. ನಮ್ಮವರೇ ಮೂರು ಮಂದಿ ಪದವೀಧರರು ಬಂದರು. ಮೂವರೂ ಮೊದಲು ಕೇಳಿದ್ದು ಟೇಬಲ್ಲು ಕುರ್ಚಿ ಎಲ್ಲಿ ಹಾಕಿಸುತ್ತೀರಿ ಎಂದು. ರೇವವ್ವ ಚಹಾ ಕುಡಿಸಿ ಕಳಿಸಿದರು. ಆಮೇಲೆ ನನ್ನನ್ನು ಜೊತೆ ಮಾಡಿಕೊಂಡು ಧಾರವಾಡದ ಕೃಷಿ ಕಾಲೇಜಿಗೆ ಹೋದರು. ಅಲ್ಲಿ ಪರದೇಶದ ಹುಡುಗರು ಐದಾರು ಮಂದಿ ಓದು ಮುಗಿಸಿ ಕಾಗದಪತ್ರಕ್ಕೆ ಕಾಯುತ್ತ ಕುಳಿತಿದ್ದರು.

ಅವರಲ್ಲೊಬ್ಬನಾದ ಇದ್ರೀಸನಿಗೆ ರೇವವ್ವ ಕೇಳಿದ್ದು ಒಂದೇ ಪ್ರಶ್ನೆ. ಹತ್ತಿ ಹೂವಿನ ಪರಾಗ ಯಾವ ಹೊತ್ತಿಗೆ ಚಲೋ ಇರುತ್ತದೆ? ಅವನು ಬಾಯಿಂದ ಉತ್ತರ ಹೇಳಲಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ, ತೋರಿಸುತ್ತೇನೆ ಎಂದ. ರೇವವ್ವ ಧಾರವಾಡದಲ್ಲೇ ಉಳಿದು ಮರುದಿನ ಹೋದರು. ಎಂಟರಿಂದ ಹನ್ನೊಂದರವರೆಗೆ ಅವನ ಬೆನ್ನ ಹಿಂದೆ ಸಾಲಿನಲ್ಲಿ ನಡೆದು, ಹನ್ನೊಂದೂವರೆಗೆ ಕೆಲಸ ಕೊಟ್ಟೆ ಎಂದರು.

ಮುಚ್ಚಳಿಕೆ ಪತ್ರವನ್ನು ಕೋರ್ಟಿನ ಬಾಜು ಅಬ್ದುಲಗನಿಯ ಹತ್ತಿರ ಟೈಪು ಮಾಡಿಸಿದೆವು. ಇವನ ನಡತೆಗೆ ನಾನು ಜವಾಬ್ದಾರಳು ಎಂಬ ಸಾಲು ಬಂದಾಗ ರೇವವ್ವನವರ ತಮ್ಮ ಅಮೋಘಸಿದ್ದಪ್ಪ ಅಡ್ಡ ಬಾಯಿ ಹಾಕಿದ್ದ. ನಮ್ಮ ಹುಡುಗರು ಕಲಿತು ಖಾಲಿ ಕೂತಿರುವಾಗ ಹೊರಗಿನವನು ಯಾಕೆ, ನಾಳೆ ಏನಾದರೂ ಆದರೆ ಮನೆತನದ ಹೆಸರು ಏನಾಗಬೇಕು ಎಂದ. ರೇವವ್ವ ಅವನ ಕಡೆ ನೋಡದೆ ಸಹಿ ಮಾಡಿದರು.

"ನಾ ಕರದು ಕೆಲಸಾ ಕೊಟ್ಟೀನಿ. ಅಂವಾ ನಮ್ಮ ಹೊಲದಾಗ ಇರೂತನಕ ನನ್ನ ಮನ್ಯಾಂವ."

ಈ ಮಾತನ್ನು ನಾನು ಮರೆತಿಲ್ಲ.

ಇದ್ರೀಸ ನಾಲ್ಕು ತಿಂಗಳಲ್ಲಿ ಮಾತಿನ ಕೊನೆಗೆ ರಿ ಹಚ್ಚುವುದು ಕಲಿತ. ಅವನ ಊರಿನಲ್ಲೂ ಇದೇ ಕರಿ ಮಣ್ಣಂತೆ, ಇದೇ ಹತ್ತಿಯಂತೆ, ಬೇಸಿಗೆಗೆ ಇದೇ ರೀತಿ ಬಿರುಕು ಬಿಡುತ್ತದಂತೆ. ಹೆಣ್ಣಾಳುಗಳು ಮೊದಮೊದಲು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದವರು, ಆಮೇಲೆ ಅವನನ್ನು ಇದ್ರೀಸಪ್ಪ ಎಂದು ಕರೆಯತೊಡಗಿದರು. ಹೂವಿಗೆ ಕಟ್ಟಲು ದಾರ ಸಾಲದಿದ್ದಾಗ ನನ್ನ ಹೆಂಡತಿ ರಾಜಮಾಬಿ ಜಮಖಾನೆ ನೇಯ್ದು ಉಳಿದ ಕೆಂಪು ನೂಲನ್ನು ಉಂಡೆಗಟ್ಟಿ ಕಳಿಸಿದಳು. ಹೊಲದ ಹೂವಿಗೂ ಅದೇ ನೂಲು, ಬೀಜದ ಚೀಲದ ಬಾಯಿ ಹೊಲಿಯಲೂ ಅದೇ ನೂಲು.

ಹಳ್ಳದಿಂದ ನಾನು ನೇರ ರೇವವ್ವನವರ ವಾಡೆಗೆ ಹೋದೆ. ಕೋಣದ ಮಾತು ಅವರಿಗೂ ಹೇಳಲಿಲ್ಲ. ಅರ್ಧ ಗೊತ್ತಾದ ಸಂಗತಿಯನ್ನು ಬಾಯಿಂದ ಹೊರಗೆ ಬಿಡುವ ಚಟ ನನಗಿಲ್ಲ.

ನನಗೆ ಬೇಕಾದದ್ದು ಕೀಲಿ. ಗೋದಾಮಿನ ಬೀಗ ಒಡೆದಿರಲಿಲ್ಲ. ಅದಕ್ಕೆ ಇದ್ದವು ಎರಡೇ ಕೀಲಿ. ಒಂದು ಇದ್ರೀಸನ ಸೊಂಟದಲ್ಲಿ, ಇನ್ನೊಂದು ವಾಡೆಯ ಪಡಸಾಲೆಯ ಮೊಳೆಯಲ್ಲಿ. ಸೋಮವಾರ ಬೆಳಿಗ್ಗೆ ಆಳುಗಳು ಪರಾಗ ಹಚ್ಚುವ ಕೆಲಸ ಮುಗಿಸಿ ಹನ್ನೆರಡಕ್ಕೆ ಮನೆಗೆ ಹೋಗಿದ್ದರು. ಮೂರಕ್ಕೆ ತಿರುಗಿ ಬರುವ ತನಕ ಹೊಲ ಖಾಲಿ. ಇದ್ರೀಸ ಬಾವಿಯ ಹತ್ತಿರ ನಮಾಜು ಮಾಡಿ ಬೇವಿನ ನೆರಳಿಗೆ ಅಡ್ಡಾಗಿದ್ದನಂತೆ. ನೋಡಿದವರು ಯಾರೂ ಇಲ್ಲ. ಮೂರಕ್ಕೆ ಗೋದಾಮು ತೆರೆದರೆ ಚೀಲಗಳಿಲ್ಲ, ಬೀಗ ಮಾತ್ರ ಹಾಕಿದಂತೆಯೇ ಇತ್ತು.

ಎರಡನೇ ಕೀಲಿ ತೋರಿಸಿರಿ ಎಂದೆ. ರೇವವ್ವ ಎದ್ದು ಮೊಳೆಯ ಹತ್ತಿರ ಹೋದರು. ಮೊಳೆ ಖಾಲಿ ಇತ್ತು. ಅವರು ಆ ಮೊಳೆಯ ಮೇಲೆ ಬೆರಳಾಡಿಸಿದರು.

ತಮ್ಮ ಎಲ್ಲೋ ತೆಗೆದಿಟ್ಟಿರಬೇಕು, ಹುಡುಕಿಸುತ್ತೇನೆ ಎಂದರು. ದನಿ ಸಣ್ಣದಾಗಿತ್ತು. ಕಳುವಿನ ತಕರಾರು ಕೊಟ್ಟದ್ದೂ ತಮ್ಮನೇ ಅಲ್ಲವೇ ಎಂದು ಕೇಳಿದೆ. ಹೌದೆಂದರು. ಆಮೇಲೆ ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು.

"ಜಮಾದಾರ್ರ, ಯಾರ ಹೆಸರು ಬಂದ್ರೂ ನೀವು ನಿಲ್ಲಬ್ಯಾಡ್ರಿ."

ನಾನು ಅದನ್ನು ಧೈರ್ಯದ ಮಾತು ಎಂದುಕೊಂಡು ಹೊರಬಿದ್ದೆ. ಈಗ ನೆನೆಸಿದರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ. ಆಗಲೇ ಅಲ್ಲೇ ಕುಳಿತು ಇನ್ನೆರಡು ಪ್ರಶ್ನೆ ಕೇಳಬೇಕಿತ್ತು.

ಸಂಶಿಯಲ್ಲಿ ಎತ್ತು ಉಂಟು, ಆಕಳು ಉಂಟು, ಹಾಲಿನ ಎಮ್ಮೆ ಉಂಟು. ಗಾಡಿಗೆ ಹೂಡುವ ಕೋಣ ಒಂದೂ ಇಲ್ಲ. ಕೋಣ ಹೂಡುವವರು ಪಡುವಲದ ಕಾಡಂಚಿನವರು, ಭತ್ತದ ಗದ್ದೆಯವರು. ಅಂದರೆ ಕಲಘಟಗಿ ಕಡೆಯವರು. ಅಲ್ಲಿಯ ಗಾಡಿ ಇಲ್ಲಿಗೆ ಬರಬೇಕಾದರೆ ಏನಾದರೂ ಹೇರಿಕೊಂಡು ಬಂದಿರಬೇಕು. ಏನದು?

ಇದನ್ನೇ ತಲೆಯಲ್ಲಿ ತಿರುವಿಕೊಳ್ಳುತ್ತ ಬಸ್‌ಸ್ಟ್ಯಾಂಡಿನ ಹನಮವ್ವನ ಚಹಾದಂಗಡಿಯಲ್ಲಿ ಕುಳಿತೆ. ಅರ್ಧ ಕಪ್ಪು ಮುಗಿಯುವ ತನಕ ನನಗೆ ಹೊಳೆಯಲಿಲ್ಲ. ಬೆನ್ನು ಊರಿ ಕುಳಿತಿದ್ದ ಗೋಡೆ ಹೊಸ ಬಿದಿರಿನ ತಟ್ಟಿ. ಹಸಿರು ಇನ್ನೂ ಪೂರ್ತಿ ಆರಿರಲಿಲ್ಲ.

ಎಲ್ಲಿಯದಿದು ಎಂದು ಕೇಳಿದೆ. ರವಿವಾರ ಬಂತು ಎಂದಳು. ತಿರಕಪ್ಪನ ಹೆಂಡತಿಯ ತವರು ಕಲಘಟಗಿ ಹತ್ತಿರದ ತಂಬೂರ, ಅವಳ ತಮ್ಮ ಬಿದಿರು ಹೇರಿಕೊಂಡು ಬಂದು ಇಳಿಸಿ, ಆ ರಾತ್ರಿ ತಿರಕಪ್ಪನ ಮನೆಯಲ್ಲೇ ಗಾಡಿ ಬಿಟ್ಟು ಉಳಿದನಂತೆ. ಗಾಡಿಗೆ ಏನು ಹೂಡಿದ್ದ ಎಂದೆ. ಹನಮವ್ವ ನನ್ನನ್ನು ಒಂದು ನಮೂನಿ ನೋಡಿದಳು.

"ಅವರ ಕಡೆ ಇನ್ನೇನ್ ಹೂಡತಾರ್ರಿ ಕಾಕಾ, ಕೋಣ."

ಚಹಾ ಬಿಟ್ಟು ಎದ್ದೆ. ತಿರಕಪ್ಪನ ಮನೆಗೆ ಬೀಗ ಹಾಕಿತ್ತು. ಸಾಕ್ಷಿ ಹೇಳಿ ಮುಗಿಸಿದವನು ಹೆಂಡತಿಯನ್ನು ಕರೆದುಕೊಂಡು ಬುಧವಾರ ಬೆಳಗಿನ ಬಸ್ಸಿಗೆ ತಂಬೂರಕ್ಕೆ ಹೋಗಿದ್ದ. ಕೋಣದ ಗಾಡಿಗೆ ಎರಡು ದಿನದ ದಾರಿ. ಸೋಮವಾರ ಮಧ್ಯಾಹ್ನ ಹೊರಟದ್ದು ಬುಧವಾರ ಸಂಜೆಗೆ ಅಲ್ಲಿ ಮುಟ್ಟುತ್ತದೆ. ಲೆಕ್ಕ ಸರಿಯಾಗಿ ಕೂತಿತು.

ಗುರುವಾರ ನಸುಕಿನ ಮೊದಲ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋದೆ, ಅಲ್ಲಿಂದ ಕಲಘಟಗಿ ಬಸ್ಸು, ಮುಂದೆ ಸಿಕ್ಕ ಟ್ರ್ಯಾಕ್ಟರು. ತಂಬೂರ ಮುಟ್ಟಿದಾಗ ಒಂಬತ್ತೂವರೆ. ಮಧ್ಯಾಹ್ನ ಎರಡರೊಳಗೆ ಠಾಣೆಗೆ ಹಿಂತಿರುಗಬೇಕು. ಎರಡೂವರೆಯ ಬಸ್ಸು ತಪ್ಪಿದರೆ ಐದಕ್ಕೆ ಧಾರವಾಡ ಮುಟ್ಟುವಂತಿಲ್ಲ. ಎರಡಕ್ಕೆ ಬಾರದಿದ್ದರೆ ಇದ್ರೀಸನ ಮೇಲೆ ಕಳುವಿನ ಕಟ್ಲೆ ದಾಖಲು ಮಾಡುತ್ತೇನೆ ಎಂದು ಫೌಜದಾರರು ಮೊದಲೇ ಹೇಳಿದ್ದರು. ಹುಡುಗ ವಯಸ್ಸಿನ ಅಧಿಕಾರಿ, ಮಾತಿಗೆ ತಪ್ಪುವವರಲ್ಲ. ನನ್ನ ಬಿಳಿ ಮೀಸೆಗೆ ಕೊಟ್ಟ ಮರ್ಯಾದೆಯೇ ಅಷ್ಟು ಸಮಯ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ತುಂಬ ಬಿದಿರು ಒಟ್ಟಿತ್ತು. ಬಾಜು ಹೊಂಡದಲ್ಲಿ ಎರಡು ಕೋಣ ಕಣ್ಣು, ಕೊಂಬು ಅಷ್ಟೇ ಹೊರಗಿಟ್ಟು ಮುಳುಗಿದ್ದವು. ತಿರಕಪ್ಪ ದಂಡೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದ. ನನ್ನನ್ನು ಕಂಡವನ ಕೈಯಲ್ಲಿ ಸುಣ್ಣದ ಡಬ್ಬಿ ಹಾಗೇ ನಿಂತಿತು.

ಅವನನ್ನು ನಾನು ಹದಿನಾರು ವರ್ಷದಿಂದ ಬಲ್ಲೆ. ಕೆಟ್ಟವನಲ್ಲ. ರೇವವ್ವನವರ ಹೊಲದಲ್ಲಿ ಮೇಸ್ತ್ರಿಯಾಗಿ ಮೆರೆದವನು. ಇದ್ರೀಸ ಬಂದ ಮೇಲೆ ಬಾವಿಯ ಮೋಟರಿನ ಹತ್ತಿರ ಹೋಗಿ ಕುಳಿತಿದ್ದ. ನಾನು ಬಾಜು ಕುಳಿತು ಕೋಣಗಳ ಕಡೆ ಕೈ ತೋರಿಸಿದೆ.

"ಭಾಳ ದಣದಾವಲ್ಲೋ ತಿರಕಪ್ಪ."

ಬಿದಿರು ಹೇರಿಕೊಂಡು ಹೋಗಿದ್ದವು ಎಂದ. ಬರುವಾಗ ಏನು ಹೇರಿಕೊಂಡು ಬಂದವು ಎಂದೆ. ಖಾಲಿ ಗಾಡಿ ಎಂದ. ನಾನು ವಸ್ತ್ರ ಬಿಚ್ಚಿ ಕಪ್ಪು ಕೂದಲನ್ನು ಅವನ ಮೊಣಕಾಲ ಮೇಲೆ ಇಟ್ಟೆ. ಸಂಶಿಯ ಹಳ್ಳದ ಕೆಸರಿನಲ್ಲಿ ಸಿಕ್ಕದ್ದು ಎಂದೆ.

"ಸೋಮವಾರ ನೀ ನೋಡಿದ ಗಾಡಿಗೆ ಎಂಥಾ ಎತ್ತಿದ್ವು?"

"ಬಿಳೇವ್ರಿ."

"ಲಾಳ ಇಲ್ಲದ ಎತ್ತು. ಕೆಸರಾಗ ಹೊರಳಾಡೂ ಎತ್ತು. ಇಂಥವು ಸಂಶ್ಯಾಗ ಯಾರ ಮನ್ಯಾಗ ಅದಾವ ಹೇಳು, ನಾನೂ ಒಮ್ಮೆ ನೋಡಿ ಬರ್ತೀನಿ."

ತಿರಕಪ್ಪ ಎದ್ದು ನಿಂತ. ಒಳಗೆ ಹೋಗುತ್ತಾನೇನೋ ಎಂದುಕೊಂಡೆ. ಹೋಗಲಿಲ್ಲ. ಬಿದಿರಿನ ಒಟ್ಟಿಲಿನ ಕಡೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಅಷ್ಟು ಸಾಕಾಯಿತು ನನಗೆ. ಹೋಗಿ ಮೇಲಿನ ಬಿದಿರುಗಳನ್ನು ಎತ್ತಿ ಸರಿಸಿದೆ. ಕೆಳಗೆ ಆರು ಚೀಲ ಮಲಗಿದ್ದವು. ಬಾಯಿ ಹೊಲಿದದ್ದು ರಾಜಮಾಬಿಯ ಕೆಂಪು ನೂಲಿನಲ್ಲಿ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

ನಲವತ್ತು ವರ್ಷ ಆ ನೂಲನ್ನು ನನ್ನ ಮನೆಯಲ್ಲಿ ನೋಡಿದ್ದೇನೆ. ಅಂದಿನಷ್ಟು ಚೆಂದ ಅದು ನನಗೆ ಎಂದೂ ಕಂಡಿರಲಿಲ್ಲ.

ಹಿಂದೆ ತಿರಕಪ್ಪ ಬಂದು ಕುಳಿತಿದ್ದ. ನಾನು ಗದರಿಸಲಿಲ್ಲ. ಒಂದು ಮಾತು ಮಾತ್ರ ನನಗೆ ಅರ್ಥವಾಗಬೇಕಿತ್ತು. ಹೊಲದ ಕೊಟ್ಟಿಗೆಯಲ್ಲೇ ರೇವವ್ವನವರ ಬಿಳಿ ಎತ್ತು ಕಟ್ಟಿದ್ದವು. ಅವನ್ನೇ ಹೂಡಿದ್ದರೆ ಗುರುತು ಎತ್ತಿನದೇ ಆಗುತ್ತಿತ್ತು, ನಾನು ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಯಾಕೆ ಹೂಡಲಿಲ್ಲ?

ಅವನು ಹೊಂಡದ ಕೋಣಗಳ ಕಡೆ ನೋಡುತ್ತ ಹೇಳಿದ.

"ಎತ್ತ ಹೂಡು ಅಂತನ ಹೇಳಿದ್ರು. ಪರದೇಶದಾಂವಗ ವಾರ ಗೊತ್ತಿರೂದಿಲ್ಲ, ಎಲ್ಲಾರೂ ನಂಬತಾರ ಅಂದ್ರು. ನೊಗಾ ಎತ್ತಿ ಹಿಡದೆ. ಎತ್ತು ತಾನಾಗೇ ಹೆಗಲಾ ಕೊಡಾಕ ಬಂತ್ರಿ. ಸೋಮವಾರ. ಕೈ ಬರಲಿಲ್ಲ. ಹೆಂಡತಿ ತಮ್ಮನ ಗಾಡಿ ತರಿಸಿದೆ. ಕೋಣ ಹೂಡಿದ್ದು ಅವ್ರಿಗೆ ಹೇಳಿಲ್ಲ."

ನನಗೆ ಅವನ ಮೇಲೆ ಬಂದ ಸಿಟ್ಟು ಅರ್ಧಕ್ಕೆ ಇಳಿಯಿತು. ಇನ್ನರ್ಧ ಹಾಗೇ ಉಳಿಯಿತು. ಆ ಅರ್ಧದಿಂದಲೇ ಮಾತಾಡಿದೆ.

"ಎತ್ತಿನ ಹೆಗಲ ಮ್ಯಾಲೆ ನೊಗಾ ಇಡಾಕ ಕೈ ಬರಲಿಲ್ಲ. ಒಬ್ಬ ಮನಶ್ಯಾನ ಹೆಗಲ ಮ್ಯಾಲೆ ಹ್ಯಾಂಗ ಇಟ್ಟಿ?"

ತಿರಕಪ್ಪ ಅಳತೊಡಗಿದ. ಅಳುತ್ತಲೇ ಹೇಳಿದ: ಇದ್ರೀಸನ ಮೇಲೆ ಹೊಟ್ಟೆಕಿಚ್ಚು ಇದ್ದದ್ದು ಖರೆ. ಹದಿನಾರು ವರ್ಷ ಸಾಲು ನೋಡಿಕೊಂಡವನು ಮೋಟರು ಕಾಯಬೇಕಾಯಿತು. ಆದರೂ ತನಗೆ ಜ್ವರ ಬಂದಾಗ ಹಾಸಿಗೆಯ ಹತ್ತಿರ ಮಾತ್ರೆ ತಂದು ಕೊಟ್ಟವನು ಅವನೇ. ನಾಲ್ಕು ದಿನ ಕೂರಿಸಿ ಬಿಡುತ್ತಾರೆ, ಆಮೇಲೆ ತನ್ನ ದೇಶಕ್ಕೆ ಹೋಗುತ್ತಾನೆ, ಅಷ್ಟೇ ಎಂದು ತನಗೆ ಹೇಳಿದ್ದರು.

ಯಾರು ಹೇಳಿದರು, ಕೀಲಿ ಯಾರು ಕೊಟ್ಟರು? ಮೂರು ಸಲ ಕೇಳಿದೆ. ಅದೊಂದಕ್ಕೆ ಮಾತ್ರ ಅವನು ಬಾಯಿ ಬಿಡಲಿಲ್ಲ.

"ಹೆಸರ ಕೇಳಬ್ಯಾಡ್ರಿ. ಆ ಮನಿ ರೊಟ್ಟಿ ತಿಂದೀನಿ. ನಾ ಕದ್ದದ್ದು ನಾ ಹೇಳತೀನಿ, ಅಷ್ಟ."

ಆ ಮನೆ ಎಂದರೆ ಯಾವ ಮನೆ ಎಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಖಾಲಿ ಮೊಳೆ ಕಣ್ಣ ಮುಂದೆ ಬಂತು. ಮುಚ್ಚಳಿಕೆಗೆ ಅಡ್ಡ ಬಾಯಿ ಹಾಕಿದ ಅಮೋಘಸಿದ್ದಪ್ಪನ ಮುಖವೂ ಬಂತು. ಆದರೆ ಹೆಸರನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ಇದ್ರೀಸ ಹೊರಗೆ ಬರಲಿ ಎಂದುಕೊಂಡೆ. ತಿರಕಪ್ಪ ತನ್ನ ಹೇಳಿಕೆ ಬದಲಿಸಿದರೆ ಸಾಕು, ಫೌಜದಾರರು ಷರಾ ಬರೆಯಲೇಬೇಕು.

"ಏಳು, ಹೋಗೂಣು. ಗಡಿಯಾರಾ ನಮಗ ಕಾಯೂದಿಲ್ಲ."

ಒಂದು ಚೀಲವನ್ನು ಅವನ ತಲೆಯ ಮೇಲೆ ಹೊರಿಸಿದೆ. ಉಳಿದ ಐದನ್ನು ಊರ ಗೌಡರ ಸುಪರ್ದಿಗೆ ಕೊಟ್ಟೆ. ಕಲಘಟಗಿಯಲ್ಲಿ ಬಸ್ಸು ತಪ್ಪಿತು, ಲಾರಿಯೊಂದಕ್ಕೆ ಕೈ ಮಾಡಿ ಹತ್ತಿದೆವು. ಹುಬ್ಬಳ್ಳಿಯಲ್ಲಿ ಚೀಲ ಮೇಲೇರಿಸಲು ಕಂಡಕ್ಟರು ತಕರಾರು ತೆಗೆದ. ನನ್ನ ಹಳೆಯ ಪೊಲೀಸು ದನಿ ಇನ್ನೂ ಸತ್ತಿಲ್ಲ ಎಂದು ಅವನಿಗೂ ತಿಳಿಯಿತು, ನನಗೂ ತಿಳಿಯಿತು. ಠಾಣೆಯ ಮೆಟ್ಟಿಲು ಹತ್ತಿದಾಗ ಗೋಡೆಯ ಗಡಿಯಾರದಲ್ಲಿ ಎರಡಕ್ಕೆ ಹತ್ತು ನಿಮಿಷ ಇತ್ತು.

ಇದ್ರೀಸ ಒಳಗಿನ ಬೆಂಚಿನ ಮೇಲೆ ನೆಟ್ಟಗೆ ಕುಳಿತಿದ್ದ. ಬಾಜು ಒಂದು ಬುತ್ತಿಯ ಗಂಟು. ನನ್ನನ್ನು ಕಂಡು ಎದ್ದು ನಿಂತ, ಆದರೆ ಮುಖದಲ್ಲಿ ಗೆಲುವು ಬರಲಿಲ್ಲ. ನಾನು ಅದನ್ನು ಗಮನಿಸಿದೆ, ಆದರೆ ನಿಲ್ಲಲಿಲ್ಲ. ಚೀಲವನ್ನು ಫೌಜದಾರರ ಟೇಬಲ್ಲಿನ ಮುಂದೆ ಇಳಿಸಿ, ತಿರಕಪ್ಪನನ್ನು ಮುಂದೆ ನಿಲ್ಲಿಸಿ, ಕೋಣದ ಕೂದಲಿನಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

ಫೌಜದಾರರು ಪೂರ್ತಿ ಕೇಳಿದರು. ಆಮೇಲೆ ಡ್ರಾವರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

"ಒಂದ ತಾಸಿನ ಹಿಂದ ಅವನ ಕೈಯಾರೆ ಬರದು ಕೊಟ್ಟಾನ್ರಿ ಜಮಾದಾರ್ರ. ಕಳವು ತಾನ ಮಾಡೀನಿ ಅಂತ."

ಇಂಗ್ಲಿಷಿನಲ್ಲಿತ್ತು. ಅವರೇ ಓದಿ ಹೇಳಿದರು. ಸೋಮವಾರ ಮಧ್ಯಾಹ್ನ ನನ್ನ ಹತ್ತಿರದ ಕೀಲಿಯಿಂದ ಗೋದಾಮು ತೆರೆದೆ. ಕೊಟ್ಟಿಗೆಯ ಎರಡು ಬಿಳಿ ಎತ್ತುಗಳನ್ನು ಗಾಡಿಗೆ ಹೂಡಿದೆ. ಬೀಜವನ್ನು ಗುರುತಿಲ್ಲದವರಿಗೆ ಕೊಟ್ಟೆ. ಇದರಲ್ಲಿ ಬೇರೆ ಯಾರ ಕೈವಾಡವೂ ಇಲ್ಲ.

ಎರಡು ಬಿಳಿ ಎತ್ತು. ಆ ಗಾಡಿಯನ್ನು ಎಳೆದದ್ದು ಕೋಣವೆಂದು ಇದನ್ನು ಹೇಳಿ ಬರೆಸಿದವರಿಗೂ ಗೊತ್ತಿಲ್ಲ. ಅಂದರೆ ಇದು ತಿರಕಪ್ಪನಿಗೆ ಎತ್ತು ಹೂಡು ಎಂದ ಮನೆಯಿಂದಲೇ ಬಂದ ಮಾತು.

ನಾನು ಬೆಂಚಿನ ಹತ್ತಿರ ಹೋದೆ. ಆ ಎತ್ತಿನಲ್ಲಿ ಎಡಕ್ಕೆ ಹೂಡುವುದು ಯಾವುದು, ಬಲಕ್ಕೆ ಹೂಡುವುದು ಯಾವುದು ಎಂದು ಕೇಳಿದೆ. ಇದ್ರೀಸ ತಲೆ ತಗ್ಗಿಸಿದ. ಅವನು ಜನ್ಮದಲ್ಲಿ ನೊಗ ಮುಟ್ಟಿದವನಲ್ಲ. ಚೀಲ ಸಿಕ್ಕಿದೆ, ಕದ್ದವನು ಒಪ್ಪಿದ್ದಾನೆ, ಈ ಹಾಳೆಯಲ್ಲಿ ನಾನು ಬರೆದದ್ದು ಸುಳ್ಳು ಎಂದು ಒಂದು ಮಾತು ಹೇಳು, ಎರಡೂವರೆಯ ಬಸ್ಸಿಗೆ ಹೋಗೋಣ ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು. ಜಮಾದಾರನಾಗಿ ಯಾವ ಆರೋಪಿಯನ್ನೂ ನಾನು ಹಾಗೆ ಬೇಡಿಕೊಂಡಿರಲಿಲ್ಲ.

"ನನಗ ಕೆಲಸಾ ಕೊಟ್ಟವ್ರು ಬಂದು ಕೇಳಿದ್ರು, ಜಮಾದಾರ್ರ. ಅವ್ರಿಗೆ ಇಲ್ಲ ಅನ್ನಾಕ ನನಗ ಆಗಲಿಲ್ರಿ."

ಫೌಜದಾರರ ಕಡೆ ತಿರುಗಿದೆ. ಅವರು ಹೌದೆಂದರು. ರೇವವ್ವ ಹನ್ನೆರಡೂವರೆಗೆ ಒಬ್ಬರೇ ಬಂದು, ಅವನ ಜೊತೆ ಹತ್ತು ನಿಮಿಷ ಮಾತಾಡಿ, ತಮ್ಮ ಮುಚ್ಚಳಿಕೆ ಪತ್ರವನ್ನು ಹಿಂದಕ್ಕೆ ಪಡೆದುಕೊಂಡು ಹೋಗಿದ್ದರು. ಹೋಗುವಾಗ ಅಳುತ್ತಿದ್ದರಂತೆ. ಅವನು ಹೊಲದಲ್ಲಿ ಇರುವತನಕ ನನ್ನ ಮನೆಯವನು ಎಂದವರು. ಯಾರ ಹೆಸರು ಬಂದರೂ ನಿಲ್ಲಬೇಡಿ ಎಂದವರು.

ಆಗ ಬುತ್ತಿಯ ಗಂಟನ್ನು ಸರಿಯಾಗಿ ನೋಡಿದೆ. ಬಿಳಿ ವಸ್ತ್ರಕ್ಕೆ ಕೆಂಪು ನೂಲು ಸುತ್ತಿ ಕಟ್ಟಿತ್ತು. ಇದನ್ನು ಬಿಚ್ಚಿಲ್ಲವೇ ಎಂದೆ. ಹಸಿವಿಲ್ಲ ಎಂದ ಇದ್ರೀಸ. ಜಮಾದಾರರ ಜೊತೆ ಕೂತು ತಿನ್ನು, ಅವರು ಬರುವ ತನಕ ಬಿಚ್ಚಬೇಡ ಎಂದು ಅದನ್ನು ತಂದುಕೊಟ್ಟ ರೇವವ್ವ ಹೇಳಿದ್ದರಂತೆ.

ನಾನು ಬೆಂಚಿನ ಮೇಲೆ ಕುಳಿತು ನೂಲು ಬಿಚ್ಚಿದೆ. ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ರೊಟ್ಟಿ ಎತ್ತಿದೆ. ಕೆಳಗೆ ಕೀಲಿ ಇತ್ತು.

ತಿರಕಪ್ಪ ಒಂದು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡ. ಅದೇ ಕೀಲಿ ಎಂದು ಅವನ ಮುಖವೇ ಹೇಳಿತು. ಕಳ್ಳನೆಂದು ಬರೆದುಕೊಟ್ಟವನ ಬುತ್ತಿಯಲ್ಲಿ ಅದು ಸಿಕ್ಕರೆ ವಾಡೆಯವರ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಹಾಗೆಂದು ಇಟ್ಟರೋ? ಇಲ್ಲವೇ ತಮ್ಮನ ಕೈಯಿಂದ ಕಸಿದುಕೊಂಡದ್ದನ್ನು ಬಾಯಿಂದ ಹೇಳಲಾರದೆ ನನ್ನ ಕೈಗೆ ಮುಟ್ಟಿಸಿದರೋ? ಎರಡೂ ಅಂಥ ಹೆಂಗಸಿನಿಂದ ಆಗುವಂಥದ್ದೇ.

ಗಡಿಯಾರ ಎರಡು ಹೊಡೆಯಿತು. ನಾನು ರೊಟ್ಟಿಯನ್ನು ತಿರುಗಿ ಮುಚ್ಚುವ ಮೊದಲೇ ಫೌಜದಾರರು ಎದ್ದು ಬಂದು ಬುತ್ತಿಯ ಮೇಲೆ ಕೈ ಇಟ್ಟಿದ್ದರು. ಆ ಕೀಲಿ ಇದ್ರೀಸನ ಮೇಲಿನ ಸಾಕ್ಷಿಯೋ ವಾಡೆಯವರ ಮೇಲಿನ ಸಾಕ್ಷಿಯೋ ಎಂದು ಬರೆಯುವುದು ಇನ್ನು ಅವರ ಕೈಯಲ್ಲಿತ್ತು.